ಮುಕ್ಕುಂದದ ಅವ್ವನ ಫೈಲು

ಮಸ್ಕಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಮದುವೆ, ಸಾವು ಎಲ್ಲವೂ ನನ್ನ ಕಂಪ್ಯೂಟರಿನ ಮೂಲಕವೇ ಹಾದುಹೋಗಬೇಕು. ಹತ್ತು ವರ್ಷ ಒಂದೇ ಡಿಸೈನ್ ಸಾಫ್ಟ್‌ವೇರಿನಲ್ಲಿ ಸುಖವಾಗಿದ್ದವನು, ಒಂದು ದಿನ ತಲೆ ಕೆಟ್ಟು ಹೊಸ ಆವೃತ್ತಿ ಹಾಕಿಸಿದೆ. ಜಂಬದಲ್ಲಿ ಹಳೆಯದನ್ನು ತೆಗೆದೂಬಿಟ್ಟೆ.

ಮೂರನೇ ದಿನ ಮುಕ್ಕುಂದದ ರೈತರೊಬ್ಬರು ಬಂದರು.

"ಅಣ್ಣಾರ, ನಾಳೆ ಅವ್ವನ ವರ್ಷದ ತಿಥಿ ಐತ್ರಿ. ಹೋದ ವರ್ಷದಂಥದ್ದ ಇನ್ನೊಂದು ಫ್ಲೆಕ್ಸ್ ಮಾಡಿ ಕೊಡ್ರಿ."

"ಫೋಟೋ ಐತೇನ್ರಿ?"

"ಫೋಟೋ ಇದ್ದ ನಮ್ಮ ಹಿರ್ಯಾರ ಮೊಬೈಲ್ ಕಾಲುವ್ಯಾಗ ಬಿತ್ರಿ. ಅವ್ವಂದು ಇದ್ದದ್ದ ಅದೊಂದು ಫೋಟೋ. ನಿಮ್ಮಲ್ಲಿ ಐತಲ್ರಿ?"

ಹೋದ ವರ್ಷದ ಫ್ಲೆಕ್ಸು, ಎಲ್ಲ ಫ್ಲೆಕ್ಸುಗಳ ಹಾಗೆ, ಹುಲ್ಲಿನ ಬಣವೆಗೆ ಹೊದಿಕೆಯಾಗಿ ಬಿಸಿಲಿಗೆ ಬೆಳ್ಳಗಾಗಿತ್ತಂತೆ. ಬಿಡಿ ಫೋಟೋವನ್ನು, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು, ನಾನೇ ಅಳಿಸಿದ್ದೆ. ಆ ತಾಯಿಯ ಮುಖ ಈ ಭೂಮಿಯ ಮೇಲೆ ಉಳಿದಿದ್ದು ನನ್ನ ಡಿಸೈನ್ ಫೈಲಿನಲ್ಲಿ ಮಾತ್ರ. "ಕುಂದರ್ರಿ, ಎರಡು ನಿಮಿಷದ ಕೆಲಸ" ಎಂದು ಗತ್ತಿನಿಂದ ಒತ್ತಿದೆ. ಈ ಫೈಲ್ ತೆರೆಯಲಾಗದು ಎಂದಿತು ಹೊಸ ಸಾಫ್ಟ್‌ವೇರು.

ಕಂಪ್ಯೂಟರ್ ಆರಿಸಿ ಹಚ್ಚಿದೆ. ಫೈಲಿನ ಹೆಸರು ಬದಲಿಸಿದೆ. ಬೇರೆ ಕಡೆಗೆ ನಕಲು ಮಾಡಿ ತೆರೆದೆ. ಕೊನೆಗೆ ಊದುಬತ್ತಿಯನ್ನೂ ಬೆಳಗಿದೆ. ರೈತರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಗತ್ತೆಲ್ಲ ಇಳಿದು ಹೆದರಿಕೆ ಶುರುವಾಗಿತ್ತು.

ಸಿಂಧನೂರಿನಲ್ಲಿ ಇದೇ ಕಸುಬಿನ ಗೆಳೆಯನೊಬ್ಬನಿದ್ದಾನೆ. ನಾನು ಕಿತ್ತೆಸೆದ ಸಾಫ್ಟ್‌ವೇರನ್ನೇ ಅವನು ಇನ್ನೂ ಅಪ್ಪಿಕೊಂಡು ಕೂತಿದ್ದ. ಜಿಪುಣ ಎಂದು ಅವನನ್ನು ಊರೆಲ್ಲ ಆಡಿಕೊಂಡವನು ನಾನೇ. ಪೆನ್‌ಡ್ರೈವ್ ಜೇಬಿಗಿಳಿಸಿ, ರೈತರ ಬೈಕಿನ ಹಿಂದೆ ಕೂತು, ಆ ಜಿಪುಣನ ಕಾಲಿಗೆ ಬೀಳಲು ಹೊರಟೆ.

"ಬಾ ಲೇ ಶಾಣ್ಯಾ," ಎಂದ ಗೆಳೆಯ. ಅವನ ಹತ್ತಿರ ಫೈಲು ಒಂದೇ ಸಲಕ್ಕೆ ತೆರೆಯಿತು. ನನಗೆ ಹೋದ ಜೀವ ಬಂದಂತಾಯಿತು.

"ನಿನ್ನ ಹೊಸದ್ರಾಗ ಇದು ತೆರೀಬೇಕಂದ್ರ ಎಲ್ಲಾ ಬಿಚ್ಚಿ ಬ್ಯಾರೆ ಬ್ಯಾರೆ ಸೇವ್ ಮಾಡಬೇಕಲೇ," ಎಂದು ಒಂದೊಂದೇ ಭಾಗವನ್ನು ಎಳೆದು ಪಕ್ಕಕ್ಕಿಡತೊಡಗಿದ. ಅಕ್ಷರ ಬಂದವು. ಹಾರ ಬಂತು. ನಾನು ಬೇಡವೆನ್ನುವಷ್ಟರಲ್ಲಿ ತುಟಿಯೂ ಕಿತ್ತು ಬಂತು.

ಕೆಳಗೆ ಅವ್ವ ಬಾಯ್ತುಂಬ ನಗುತ್ತಿದ್ದರು. ಮುಂದಿನ ಒಂದು ಹಲ್ಲಿರಲಿಲ್ಲ.

ಈಗ ಹೇಳದೆ ವಿಧಿಯಿರಲಿಲ್ಲ. ಹೋದ ವರ್ಷ ಇವರು ಮನೆಯಲ್ಲಿ ಕರ್ಮದ ಕೆಲಸದಲ್ಲಿದ್ದಾಗ, ಅಂಗಡಿಗೆ ಬಂದವರು ಮನೆತನದ ಹಿರಿಯರು. ಸತ್ತವರು ಹಲ್ಲು ಕಿರಿದರೆ ಮಂದಿ ಏನಂದಾರು, ಬಾಯಿ ಮುಚ್ಚಿಸು ಎಂದರು. ಲಿಂಗಸುಗೂರಿನ ಯಾವುದೋ ಅಜ್ಜಿಯ ಶ್ರದ್ಧಾಂಜಲಿಯಿಂದ ತುಟಿ ಕತ್ತರಿಸಿ ಅಂಟಿಸಿದ್ದೆ. "ಏನ್ ಕಳೆ ಬಂತಲೇ!" ಎಂದು ಹಿರಿಯರು ಬೆನ್ನು ತಟ್ಟಿದ್ದರು. ನಾನೂ ಉಬ್ಬಿದ್ದೆ.

ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ರೈತರು ಪರದೆಯ ಹತ್ತಿರಕ್ಕೆ ಸರಿದರು.

"ಈ ಹಲ್ಲು ಎಮ್ಮಿ ಒದ್ದು ಹೋಗಿತ್ರಿ. ಅದನ್ನ ಹೇಳಿ ಹೇಳಿ ನಗತಿದ್ಲು."

ಪರದೆಯ ಮೇಲಿನ ಆ ಹಲ್ಲಿನ ಸಂದಿಯನ್ನು ಬೆರಳಿನಿಂದ ಮುಟ್ಟಿದರು.

"ಹೋದ ವರ್ಷ ಎಲ್ಲಾರೂ ಫ್ಲೆಕ್ಸ್ ಮುಂದ ಕುಂತು ಅತ್ರು. ನನಗೊಬ್ಬಗ ಅಳು ಬರಲಿಲ್ರಿ. ಎಂಥಾ ಮಗ ನಾನು ಅಂತ ವರ್ಷಪೂರ್ತಿ ನನ್ನ ನಾನ ಬೈಕೊಂಡೀನಿ," ಎಂದವರು ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತರು.

ನಾನು ಗೆಳೆಯನ ಕೈಯಿಂದ ಮೌಸ್ ತೆಗೆದುಕೊಂಡು ಲಿಂಗಸುಗೂರಿನ ತುಟಿಯನ್ನು ಅಳಿಸಿದೆ.