ಇಸ್ತ್ರಿ ಅಂಗಡಿಯ ಗಾಯಕ

ನಮ್ಮ ಬೀದಿಯ ಇಸ್ತ್ರಿಯವನು ಹಾಡಿದರೆ ಗೋಡೆಯ ಹಲ್ಲಿಯೂ ಊರು ಬಿಡುತ್ತಿತ್ತು. ಅಂಥವನ ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಸಂಗೀತ ಪತ್ರಿಕೆಯೊಂದನ್ನು ವಿನ್ಯಾಸ ಮಾಡುತ್ತಿದ್ದಳು. ಮುಖಪುಟಕ್ಕೆ ತಾನೇ ತೆಗೆದ ಫೋಟೋ ಬೇಕಿತ್ತು. ಫೋಟೋಗೆ ನಿಲ್ಲಬೇಕಿದ್ದ ಹಾಡುವ ಗೆಳತಿ ಕೈಕೊಟ್ಟಳು. ನಾಳೆ ಒಪ್ಪಿಸದಿದ್ದರೆ ಫೇಲು.

ಅಂಗಡಿಯಲ್ಲೇ ಅಪ್ಪನ ಕೈಗೆ ಮೈಕು ಕೊಟ್ಟಳು. ಅವನು ಕಂಬ ನುಂಗಿದವನಂತೆ ನಿಂತ.

“ಅಪ್ಪಾ, ಬಾಯಿ ಬಿಡು! ಸಂಕಟದಲ್ಲಿ ಹಾಡೋ ಥರ!”

“ಮನೇಲಿ ನಿಮ್ಮಮ್ಮನ ಮುಂದೆ ಬಾಯಿ ಬಿಟ್ಟು ಅಭ್ಯಾಸ ಇಲ್ಲ ಕಣೇ.”

ಅಷ್ಟರಲ್ಲಿ ಹೊಗೆ ಎದ್ದಿತು. ಇಸ್ತ್ರಿಪೆಟ್ಟಿಗೆ ಅವಳ ಪ್ರಾಜೆಕ್ಟಿನ ಮೇಷ್ಟ್ರು ಇಸ್ತ್ರಿಗೆ ಕೊಟ್ಟಿದ್ದ ಪ್ಯಾಂಟಿನ ಮೇಲೇ ಉಳಿದಿತ್ತು! ಅಪ್ಪ ಹೌಹಾರಿ ಕಿರುಚಿದ, ಮಗಳು ಕ್ಲಿಕ್ಕಿಸಿದಳು.

“ಮುಖದಲ್ಲಿ ಎಂಥಾ ನೋವಮ್ಮಾ!” ಎಂದು ಮರುದಿನ ಮುಖಪುಟ ನೋಡಿ ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು. ಸಂಜೆ ಪ್ಯಾಂಟು ಕೇಳಲು ಬಂದವರಿಗೆ ಅಪ್ಪ ಗೋಡೆಗೆ ಅಂಟಿಸಿದ್ದ ಮುಖಪುಟವನ್ನೇ ತೋರಿಸಿದ.

“ನೀವೇ ನೋಡಿದ್ದೀರಲ್ಲ ಸಾರ್, ನಂಗೆಷ್ಟು ಸಂಕಟ ಆಗಿತ್ತು ಅಂತ!”