ಕುಂಕುಮ ಮೆತ್ತಿದ ಗಣಪತಿ

ಮಂಗಳ ಹಾಡಿ ಕಣ್ಣು ತೆರೆದರೆ, ಪುಸ್ತಕದೊಳಗಿನ ಗಣಪತಿ ಕೆಂಪಾಗಿದ್ದ!

ಮರ್ಕಂಜದ ನಮ್ಮ ಭಜನಾ ಮಂಡಳಿಯ ಹೆಂಗಸರೇ ಸೇರಿ ಶುರುಮಾಡಿದ ಮಕ್ಕಳ ಭಕ್ತಿ ಮಾಸಿಕದ ಮೊದಲ ಸಂಚಿಕೆ ಅದು. ಮೊದಲ ಪ್ರತಿ ದೇವರಿಗೆ, ಪೂಜೆ ಆಗುವವರೆಗೆ ಯಾರೂ ಮುಟ್ಟಬಾರದು ಎಂದು ಹಿರಿಯರಾದ ಸರೋಜಕ್ಕ ಹೇಳಿದ್ದರು. ಹಾಗೆ, ಮಕ್ಕಳು ಬಣ್ಣ ತುಂಬಲೆಂದು ಬರೀ ಗೆರೆಯಲ್ಲಿ ಬಿಡಿಸಿದ ಗಣಪತಿಯ ಪುಟವನ್ನು ತೆರೆದು ದೇವರೆದುರು ಇಟ್ಟು, ನಾವೆಲ್ಲ ಕಣ್ಣು ಮುಚ್ಚಿ ಹಾಡುತ್ತಿದ್ದೆವು. ಧೂಪದ ಹೊಗೆಗೂ ತಾಳದ ಸದ್ದಿಗೂ ಭಜನಾ ಮಂದಿರವೇ ಮೆಲ್ಲಗೆ ತೇಲುತ್ತಿರುವಂತೆ ಅನ್ನಿಸುತ್ತಿತ್ತು. 'ಮೊಬೈಲ್ ಬಿಟ್ಟು ಇದನ್ನು ಯಾವ ಮಗು ಓದುತ್ತದೆ?' ಎಂದು ಊರವರು ಕೇಳಿದ್ದು ಮಾತ್ರ ಆಗಲೂ ನನ್ನನ್ನು ಬಿಟ್ಟಿರಲಿಲ್ಲ.

ಈಗ ನೋಡಿದರೆ ನಮ್ಮ ರೇವತಿಯ ಮಗಳು, ಎರಡನೇ ಕ್ಲಾಸಿನ ಧನ್ಯ, ಪುಸ್ತಕದ ಮುಂದೆ ಕೂತಿದ್ದಾಳೆ. ಆರತಿ ತಟ್ಟೆಯ ಕುಂಕುಮವೆಲ್ಲ ಗಣಪತಿಯ ಮೈಗೆ, ಅರಸಿನ ಕಿರೀಟಕ್ಕೆ.

"ಎಂತ ಮಾಡಿದ್ದು ಮಾರಾಯ್ತಿ ನೀನು!" ರೇವತಿ ಹೊಡೆಯಲು ಕೈ ಎತ್ತಿದಳು.

"ಬಣ್ಣ ತುಂಬಿಸಿ ಅಂತ ಅದರಲ್ಲೇ ಉಂಟಲ್ಲ ಅಮ್ಮ, ನಾನು ಓದಿದೆ," ಎಂದಳು ಧನ್ಯ.

ಸರೋಜಕ್ಕ ರೇವತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

ಆ ಪ್ರತಿ ಈಗಲೂ ಮಂದಿರದಲ್ಲೇ ಉಂಟು. ಪ್ರತಿ ತಿಂಗಳು ಹೊಸ ಸಂಚಿಕೆಯ ಕೆಲಸಕ್ಕೆ ಕೂರುವ ಮೊದಲು ಅದನ್ನು ತೆರೆಯುತ್ತೇವೆ. ಪುಟದಿಂದ ಉದುರುವ ಕುಂಕುಮವನ್ನೇ ಹಣೆಗೆ ಇಟ್ಟುಕೊಳ್ಳುತ್ತೇವೆ.