ಐರಿನ್ ಮೇಡಂ ಮತ್ತು ಹಳೆಯ ಸೊಳ್ಳೆಪರದೆ

ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಐರಿನ್ ಮೇಡಂ ಕುರ್ತಾದ ತೋಳನ್ನು ಮೊಣಕೈಯಿಂದ ಮೇಲಕ್ಕೆ ಸುತ್ತಿ, ಎಡಗೈಯನ್ನು ಸೊಳ್ಳೆಗಳ ಪಂಜರದೊಳಗೆ ಇಟ್ಟು ಕೂತುಬಿಡುತ್ತಿದ್ದರು. ಬಲಗೈಯಲ್ಲಿ ಫೋನು, ಫೋನಿನಲ್ಲಿ ಮಂಗಳೂರಿನ ಪೇಪರು. ನೂರಾರು ಸೊಳ್ಳೆಗಳು ಕೈತುಂಬ ಕೂತು ಕುಡಿಯುತ್ತಿದ್ದರೆ ಅವರು ಊರಿನ ಸುದ್ದಿ ಓದಿಕೊಂಡು ಒಬ್ಬರೇ ನಗುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಕಂಡ ದೃಶ್ಯ ಇದು. ಗಾಬರಿಯಾಗಿ, ನೋಯಲ್ವಾ ಮೇಡಂ ಎಂದೆ.

“ನೋವು ಎಂತದ್ದು? ಸ್ವಲ್ಪ ತುರಿಸ್ತದೆ. ಇವರಿಗೆ ಊಟದ ಹೊತ್ತು ತಪ್ಪಬಾರದು ಮಾರಾಯ್ತಿ” ಎಂದರು.

ಸೊಳ್ಳೆಗಳಿಗೂ ಅವರು ಬಹುವಚನವನ್ನೇ ಬಳಸುತ್ತಿದ್ದರು. ‘ಇವತ್ತು ಅವರು ಸ್ವಲ್ಪ ಮಂಕಾಗಿದ್ದಾರೆ’, ‘ಗಂಡಸರು ಪಾಪ, ಸಕ್ಕರೆ ನೀರಿನಲ್ಲೇ ಖುಷಿ’ ಎಂದೆಲ್ಲ ಹೇಳುವಾಗ ಹೊಸಬರಿಗೆ ಅವರು ಯಾವುದೋ ಹಾಸ್ಟೆಲಿನ ವಿಷಯ ಮಾತಾಡುತ್ತಿದ್ದಾರೆ ಅನ್ನಿಸಬೇಕು. ಅವು ಟಾಂಜಾನಿಯಾದ ಹಳ್ಳಿಗಳಿಂದ ತಂದ ಮೊಟ್ಟೆಗಳಿಂದ ದೋಹಾದ ನಮ್ಮ ಪ್ರಯೋಗಾಲಯದಲ್ಲೇ ಹುಟ್ಟಿದ, ರೋಗವಿಲ್ಲದ ಸೊಳ್ಳೆಗಳು. ಅಲ್ಲಿ ಜನ ಮಲಗುವ ಸೊಳ್ಳೆಪರದೆಗೆ ಒಂದು ಔಷಧ ಸವರಿರುತ್ತದೆ, ಕೂತ ಸೊಳ್ಳೆ ಸಾಯಬೇಕು. ಆದರೆ ವರ್ಷಗಳು ಕಳೆದಂತೆ ಸೊಳ್ಳೆಗಳು ಆ ಔಷಧಕ್ಕೆ ಒಗ್ಗಿಕೊಂಡಿದ್ದವು. ಎರಡು ಔಷಧ ಸೇರಿಸಿದ ಹೊಸ ಪರದೆ ಬಂದಿತ್ತು. ಹಳೆಯದಕ್ಕಿಂತ ಅದು ನಿಜವಾಗಿ ಮೇಲೋ ಅಲ್ಲವೋ ಎಂದು ಕಂಡುಹಿಡಿಯುವುದು ಮೇಡಂ ಕೆಲಸ. ಅವರ ಲೆಕ್ಕಪಟ್ಟಿಗಳನ್ನು ಕಂಪ್ಯೂಟರಿಗೆ ತುಂಬಿ ಜೋಡಿಸುವುದು ನನ್ನ ಕೆಲಸ.

ಸೊಳ್ಳೆ ಸಾಕುವ ಕೋಣೆಗೆ ಎರಡು ಬಾಗಿಲು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಗಂಟಲು ಒಣಗಿಸುವ ಗಾಳಿ. ಎರಡನೇ ಬಾಗಿಲು ದಾಟಿದರೆ ಕನ್ನಡಕಕ್ಕೆ ಮಂಜು ಹಿಡಿಯುವಷ್ಟು ತೇವ. ಮೈಸೂರಿನವಳಾದ ನನಗೆ ಐದು ನಿಮಿಷದಲ್ಲಿ ಉಸಿರು ಕಟ್ಟುತ್ತಿತ್ತು. ಮೇಡಂ ಮಾತ್ರ ಒಳಗೆ ಬಂದೊಡನೆ ಹಾಯಾಗಿ ಉಸಿರೆಳೆದು, ವಿಮಾನದ ಟಿಕೆಟ್ ಇಲ್ಲದೆ ಊರಿಗೆ ಹೋಗಿ ಬಂದ ಹಾಗೆ ಆಗ್ತದೆ ಎನ್ನುತ್ತಿದ್ದರು.

ಅವರ ಬದುಕು ಶುರುವಾದದ್ದೂ ಸೊಳ್ಳೆಯ ಬೆನ್ನು ಹತ್ತಿಯೇ. ಮಂಗಳೂರಿನಲ್ಲಿ ಹೊಸ ಕಟ್ಟಡಗಳ ನೀರಿನ ತೊಟ್ಟಿಗಳನ್ನು ಇಣುಕಿ ಸೊಳ್ಳೆಮರಿ ಹುಡುಕುವ ತಾತ್ಕಾಲಿಕ ಕೆಲಸದಲ್ಲಿ ಇಪ್ಪತ್ತರ ಹರೆಯದಲ್ಲಿ ಸೇರಿದ್ದರು. ಕಾವಲುಗಾರರು ಒಳಗೆ ಬಿಡದಿದ್ದರೆ ಗೇಟಿನ ಎದುರು ಕೂತುಬಿಡುತ್ತಿದ್ದರಂತೆ. ಆ ಕೆಲಸ ಮಾಡುತ್ತಲೇ ಓದಿ, ನಲವತ್ತರ ಹತ್ತಿರ ಡಾಕ್ಟರೇಟ್ ಪಡೆದರು. ಮದುವೆಯಾಗಲಿಲ್ಲ. ದೋಹಾದ ಅಲ್ ಜದೀದಾ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಅಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಆಮೇಲೆ ಅಣ್ಣನ ಜೊತೆ ಫೋನಿನಲ್ಲಿ ಕೊಂಕಣಿಯಲ್ಲಿ ಒಂದು ಗಂಟೆ ಜಗಳ, ಮಧ್ಯಾಹ್ನ ಒಮ್ಮೊಮ್ಮೆ ನಮ್ಮ ಮನೆ.

ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಅವರು ಮೊದಲ ಸಲ ಬಂದದ್ದು ಮಗಳ ಹುಟ್ಟುಹಬ್ಬಕ್ಕೆ. ಚಪ್ಪಲಿ ಬಿಟ್ಟವರು ಸೋಫಾದ ಕಡೆ ನೋಡದೆ ನೇರ ಬಾಲ್ಕನಿಗೆ ನಡೆದರು. ತುಳಸಿಯ ಕುಂಡದ ಕೆಳಗಿನ ತಟ್ಟೆ ಎತ್ತಿ ಬೆಳಕಿಗೆ ಹಿಡಿದರು. ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟಿದ್ದ ಬಕೆಟ್ಟಿಗೆ ಬಗ್ಗಿದರು. ನನ್ನ ಗಂಡ ಅವಾಕ್ಕಾಗಿ ನಿಂತಿದ್ದರೆ ಮೇಡಂ ಮಗಳನ್ನು ಕರೆದು, ಬಾ ಪುಟ್ಟಿ, ನಿಮ್ಮ ಮನೆಯಲ್ಲಿ ನಿನಗಿಂತ ಚಿಕ್ಕವರು ಎಷ್ಟು ಜನ ಇದ್ದಾರೆ ನೋಡು ಎಂದು ನೀರಿನಲ್ಲಿ ಕುಣಿಯುವ ಮರಿಗಳನ್ನು ತೋರಿಸಿದರು. ಅವಳಿಗೆ ಅಂದು ಬಂದ ಬೊಂಬೆಗಳೆಲ್ಲ ಮರೆತುಹೋದವು. ಇಂಗ್ಲಿಷಿನಲ್ಲೇ ಎಲ್ಲ ಹೇಳುವ ಹುಡುಗಿ ‘ಸೊಳ್ಳೆಮರಿ’ ಎಂಬ ಶಬ್ದವನ್ನು ವಾರವಿಡೀ ಹೇಳಿಕೊಂಡು ತಿರುಗಿದಳು.

ಅಲ್ಲಿ ಮಳೆಗಾಲ ಬಂತೆಂದರೆ ಮೇಡಂ ಟಾಂಜಾನಿಯಾಕ್ಕೆ ಹೊರಡುತ್ತಿದ್ದರು. ದೊಡ್ಡ ಸರೋವರದ ಪಕ್ಕದ ಕೆಲವು ಹಳ್ಳಿಗಳಲ್ಲಿ ಎರಡು ವರ್ಷದ ಪರೀಕ್ಷೆ ನಡೆಯುತ್ತಿತ್ತು. ಅರ್ಧ ಹಳ್ಳಿಗಳಿಗೆ ಹೊಸ ಪರದೆ, ಉಳಿದವಕ್ಕೆ ಎಲ್ಲರೂ ಬಳಸುತ್ತಿದ್ದ ಹಳೆಯ ಬಗೆಯದೇ. ಎರಡು ಕಡೆಯ ಮಕ್ಕಳಲ್ಲಿ ಎಷ್ಟು ಮಂದಿಗೆ ಮಲೇರಿಯಾ ಬಂತೆಂದು ನೋಡಿದರೆ ಸತ್ಯ ಗೊತ್ತಾಗುತ್ತದೆ. ಯಾವ ಹಳ್ಳಿಗೆ ಯಾವುದು ಎಂಬುದನ್ನು ಮನುಷ್ಯರು ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಬೇಕು. ಆ ಪಟ್ಟಿ ತೆಗೆದದ್ದು ನಾನು. ಹವಾನಿಯಂತ್ರಿತ ಕೋಣೆಯಲ್ಲಿ, ಕೈಯಲ್ಲಿ ಕರಕ್ ಚಹಾ ಹಿಡಿದುಕೊಂಡು ಒಂದು ಬಟನ್ ಒತ್ತಿದೆ. ಹಳ್ಳಿಗಳ ಹೆಸರುಗಳು ಎರಡು ಸಾಲಾಗಿ ನಿಂತವು.

ನೀಮಾಳ ಹಳ್ಳಿ ಹಳೆಯ ಪರದೆಯ ಸಾಲಿಗೆ ಬಂತು.

ನೀಮಾ ಅಲ್ಲಿ ನಮ್ಮ ಕೆಲಸಗಾರ್ತಿ. ಬೆಳಿಗ್ಗೆ ಮನೆಮನೆಯ ಬಲೆಗಳಲ್ಲಿ ಸಿಕ್ಕ ಸೊಳ್ಳೆಗಳನ್ನು ಎಣಿಸಿ, ಪಟ್ಟಿಯ ಫೋಟೊ ತೆಗೆದು ನನಗೆ ಕಳಿಸುತ್ತಿದ್ದಳು. ಜೊತೆಗೆ ಹರಕು ಇಂಗ್ಲಿಷಿನಲ್ಲಿ ಒಂದು ಧ್ವನಿಸಂದೇಶ. ಇವತ್ತು ಮಳೆ, ಇವತ್ತು ಮೀನು ಸಿಕ್ಕಿತು, ನಿನ್ನ ಮಗಳು ಹೇಗಿದ್ದಾಳೆ. ಹಿಂದಿನಿಂದ ಅವಳ ನಾಲ್ಕು ವರ್ಷದ ಮಗ ಬರಾಕಾ ನನ್ನ ಹೆಸರು ಕೂಗುವುದು ಕೇಳುತ್ತಿತ್ತು. ಅಲ್ಲಿ ತಾಯಿಯನ್ನು ಮಗುವಿನ ಹೆಸರಿನಿಂದಲೇ ಕರೆಯುವುದು ರೂಢಿ. ಹಾಗಾಗಿ ಎಲ್ಲರಿಗೂ ಅವಳು ಮಾಮಾ ಬರಾಕಾ, ಬರಾಕಾನ ಅಮ್ಮ. ಮೇಡಂ ಹಳ್ಳಿಗೆ ಹೋದಾಗ ಉಳಿದುಕೊಳ್ಳುತ್ತಿದ್ದದ್ದು ಅವಳ ಮನೆಯಲ್ಲಿ. ಸ್ವಾಹಿಲಿ ಕಲಿತದ್ದೂ ಅವಳಿಂದ. ಬರಾಕಾ ಅವರ ತೊಡೆಯ ಮೇಲೆ ಕೂತು ಎಡಗೈಯ ಕೆಂಪು ಗುಳ್ಳೆಗಳನ್ನು ಎಣಿಸುವ ಆಟ ಆಡುತ್ತಿದ್ದನಂತೆ.

ಒಂದು ಸಲ ಅಲ್ಲಿಂದ ಬಂದ ಮೇಲೆ ಮೇಡಂ ಎರಡು ದಿನ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಮೂರನೆಯ ದಿನ ಕ್ಯಾಂಟೀನಿನಲ್ಲಿ ಅವರಾಗಿಯೇ ಹೇಳಿದರು. ನೀಮಾ ಒಂದೇ ಒಂದು ಹೊಸ ಪರದೆ ಕೇಳಿದ್ದಳು, ಮಗನಿಗೆ. ದಿನಾ ಎಣಿಸುವವಳಿಗೆ ಗೊತ್ತಿರುವುದಿಲ್ಲವೇ, ಹಳೆಯ ಪರದೆಯ ಕೆಳಗೆ ಸೊಳ್ಳೆ ಸಾಯುತ್ತಿಲ್ಲ ಎಂದು? ಮೇಡಂ ಆಗುವುದಿಲ್ಲ ಎಂದಿದ್ದರು.

“ಒಂದು ಮನೆಗೆ ಕೊಟ್ಟರೆ ಪಕ್ಕದ ಮನೆಗೆ ಇಲ್ಲ ಅಂತ ಹೇಗೆ ಹೇಳುವುದು? ಎಲ್ಲರಿಗೆ ಕೊಟ್ಟರೆ ಪರೀಕ್ಷೆಯೇ ಹೋಯ್ತು. ಲ್ಯಾಬಿನಲ್ಲಿ ಒಳ್ಳೆದಾದದ್ದು ಮನೆಯಲ್ಲಿ ಒಳ್ಳೆದಾಗ್ತದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ” ಎಂದರು. ತಟ್ಟೆಯನ್ನು ಬದಿಗೆ ಸರಿಸಿ, “ನನಗೆ ಅರ್ಧ ಗೊತ್ತುಂಟು. ಅದೇ ಕಷ್ಟ” ಎಂದರು.

ಬರಾಕಾನಿಗೆ ಜ್ವರ ಬಂದಾಗ ಮೇಡಂ ದೋಹಾದಲ್ಲಿದ್ದರು. ಹಿಂದಿನ ವಾರವಿಡೀ ಹಳ್ಳಿಯ ಕಡೆ ಮಳೆ ಸುರಿದು ಚಿಕಿತ್ಸಾಲಯಕ್ಕೆ ಹೋಗುವ ರಸ್ತೆ ಕೊಚ್ಚಿಹೋಗಿತ್ತು. ಬೆಳಿಗ್ಗೆ ನೀಮಾಳ ಫೋನು ಬಂತು. ಮೇಡಂ ಅಲ್ಲಿನ ಡ್ರೈವರಿಗೆ, ಆರೋಗ್ಯಾಧಿಕಾರಿಗೆ, ದೋಣಿ ಇರುವವನೊಬ್ಬನಿಗೆ ಒಂದಾದ ಮೇಲೊಂದು ಫೋನು ಮಾಡುತ್ತಲೇ ಇದ್ದರು. ನಾನು ಪಕ್ಕದಲ್ಲಿ ನಿಂತು ಅವರು ಹೇಳಿದ ನಂಬರುಗಳನ್ನು ಒತ್ತಿಕೊಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮಗುವಿಗೆ ಫಿಟ್ಸ್ ಶುರುವಾಯಿತು ಎಂದರು. ದೋಣಿ ಸಿಕ್ಕಿತು ಎಂದರು. ಆಮೇಲೆ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು, “ದೋಣಿಯಲ್ಲೇ” ಎಂದರು.

ಗಡಿಯಾರ ನೋಡಿದರು. ಮೂರು ದಾಟಿತ್ತು. ಎದ್ದು ಹೋಗಿ ತೋಳು ಸುತ್ತಿ, ಕೈಯನ್ನು ಪಂಜರದೊಳಗೆ ಇಟ್ಟು ಕೂತರು. ಅಂದು ಪೇಪರ್ ಓದಲಿಲ್ಲ. ಕೈಯನ್ನೇ ನೋಡುತ್ತಿದ್ದರು. ಇವತ್ತೊಂದು ದಿನ ಬೇಡ ಮೇಡಂ ಎಂದು ನಾನು ಎರಡು ಸಲ ಹೇಳಿದೆ. ಅವರು ಕೈ ತೆಗೆಯಲಿಲ್ಲ.

ಎರಡು ವಾರದ ಮೇಲೆ ಆ ತಿಂಗಳ ವರದಿಯ ನಮೂನೆಗಳು ಬಂದವು. ಪರೀಕ್ಷೆಯಲ್ಲಿ ಮಕ್ಕಳಿಗೆ ಹೆಸರಿರುವುದಿಲ್ಲ, ಮನೆಗೊಂದು ಸಂಖ್ಯೆ, ಮಗುವಿಗೊಂದು ಸಂಖ್ಯೆ. ಸಾವಿನ ನಮೂನೆಯನ್ನು ಮುಖ್ಯಸ್ಥರೇ ನೋಡಿ ಕಂಪ್ಯೂಟರಿಗೆ ತುಂಬಬೇಕೆಂಬುದು ನಿಯಮ. ಮೇಡಂ ಆ ಹಾಳೆ ಹಿಡಿದು ನನ್ನ ಕುರ್ಚಿಯ ಪಕ್ಕ ಬಂದು ನಿಂತರು.

“ವಸುಧಾ, ಇದನ್ನು ನೀನು ಬರಿ. ನಾನು ಪಕ್ಕದಲ್ಲಿ ನಿಲ್ತೇನೆ. ನನ್ನ ಕೈಯಿಂದ ಆಗುವುದಿಲ್ಲ.”

ನಾನು ಬರೆದೆ. ಆಮೇಲೆ ತಡೆಯಲಾಗದೆ, ಪಟ್ಟಿ ತೆಗೆದವಳು ನಾನಲ್ಲವೇ ಮೇಡಂ ಎಂದು ಅತ್ತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ನೀನಲ್ಲ, ಕಂಪ್ಯೂಟರ್ ಎಂದು ಸಮಾಧಾನ ಮಾಡಿದರು. ಅಂಥದೊಂದು ಸಮಾಧಾನವನ್ನು ಅವರು ತಮಗೆ ತಾವು ಹೇಳಿಕೊಳ್ಳಲಿಲ್ಲ. ಅವರಿಗೆ ಹೇಳಬೇಕೆಂದು ನನಗೆ ಆಗ ತಿಳಿಯಲಿಲ್ಲ. ಈಗ ಅನ್ನಿಸುತ್ತದೆ, ನಾನಾದರೂ ಹೇಳಬೇಕಿತ್ತು.

ನೀಮಾ ಎಣಿಕೆ ನಿಲ್ಲಿಸಲಿಲ್ಲ. ಕೆಲವು ದಿನ ಬಿಟ್ಟು ಫೋಟೊಗಳು ಮೊದಲಿನ ಹಾಗೆಯೇ ಬರತೊಡಗಿದವು, ಅದೇ ದುಂಡಗಿನ ಅಂಕಿಗಳು. ಧ್ವನಿಸಂದೇಶ ಮಾತ್ರ ಬರಲಿಲ್ಲ.

ಪರೀಕ್ಷೆ ಮುಗಿದು ಫಲಿತಾಂಶ ಬಂದಾಗ ಹೊಸ ಪರದೆ ಸ್ಪಷ್ಟವಾಗಿ ಗೆದ್ದಿತ್ತು. ನಮ್ಮ ಸಭಾಂಗಣದಲ್ಲಿ ಮೇಡಂ ಅದನ್ನು ವಿವರಿಸಿ ಮುಗಿಸಿದೊಡನೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನು ಎಷ್ಟೋ ದೇಶಗಳು ಪರದೆ ಬದಲಿಸುತ್ತವೆ, ಎಷ್ಟೋ ಮಕ್ಕಳು ಬದುಕುತ್ತಾರೆ ಎಂದು ಒಬ್ಬರು ಹೇಳಿದರು. ಅದು ನಿಜವೇ. ಮೇಡಂ ತಲೆಯಾಡಿಸಿ ಧನ್ಯವಾದ ಹೇಳಿ ಹೊರಗೆ ಹೋದರು. ಹುಡುಕಿಕೊಂಡು ಹೋದಾಗ ಪಾರ್ಕಿಂಗಿನ ಬಿಸಿಲಲ್ಲಿ ನಿಂತಿದ್ದರು. “ಇಷ್ಟು ಗೊತ್ತಾಗ್ಲಿಕ್ಕೆ ಯಾರೋ ಹಳೆ ಪರದೆಯೊಳಗೆ ಮಲಗಬೇಕಿತ್ತು, ಅಲ್ವಾ?” ಎಂದರು. ನಾನು ಕೈ ಹಿಡಿದು ನೆರಳಿಗೆ ಕರೆತಂದೆ.

ಪರೀಕ್ಷೆ ಮುಗಿದ ಮೇಲೆ ಹಳೆಯ ಪರದೆಯ ಹಳ್ಳಿಗಳಿಗೂ ಹೊಸದನ್ನು ಕೊಡಬೇಕೆಂದು ಮೊದಲೇ ಒಪ್ಪಂದವಾಗಿತ್ತು. ಅದಕ್ಕಾಗಿ ಮೇಡಂ ಹೋದರು. ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಇಡೀ ಹಳ್ಳಿ ಮುಗಿಸಿ ಕೊನೆಗೆ ನೀಮಾಳ ಮನೆಯ ಮೆಟ್ಟಿಲಿಗೆ ಬಂದರಂತೆ. ಕರೆಯಬೇಕು. ಮಾಮಾ ಬರಾಕಾ ಎಂದು ಕರೆಯಲು ಬಾಯಿ ಬರಲಿಲ್ಲ. ಬೇರೆ ಹೆಸರಿನಿಂದ ಕರೆದು ಅಭ್ಯಾಸವಿಲ್ಲ. ಪರದೆ ಹಿಡಿದುಕೊಂಡು ನಿಂತರು. ಅವಳೇ ಹೊರಗೆ ಬಂದು ಪರದೆ ತೆಗೆದುಕೊಂಡಳು, ಸಹಿ ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳಂತೆ: “ನೀವು ಮಾಡಿದ್ದು ಸರಿ ಅಂತ ನನಗೆ ಗೊತ್ತು. ಆದರೆ ಇನ್ನು ಈ ಮನೆಗೆ ಬರಬೇಡಿ.”

“ಬೈದಿದ್ದರೆ ಚೆನ್ನಾಗಿತ್ತು” ಎಂದರು ಮೇಡಂ. “ಬೈಲಿಲ್ಲ ಅವಳು.”

ಸಂಶೋಧನೆಯ ಮುಂದಿನ ಹಂತಕ್ಕೆ ಮೇಲಿನವರ ಒಪ್ಪಿಗೆ ಸಿಗಲಿಲ್ಲ. ದೋಹಾದ ಸೊಳ್ಳೆಕೋಣೆಯನ್ನು ಮುಚ್ಚುವ ಆದೇಶ ಬಂತು. ಸಾಕಿದ ಸೊಳ್ಳೆಗಳನ್ನು ಹೊರಗೆ ಬಿಡುವಂತಿಲ್ಲ, ಪಂಜರ ಸಮೇತ ಫ್ರೀಜರಿನಲ್ಲಿ ಇಡಬೇಕು. ಬೇರೆಯವರು ಮಾಡುತ್ತೇವೆಂದರೂ ಬಿಡದೆ ಮೇಡಂ ಒಂದೊಂದೇ ಪಂಜರ ಹೊತ್ತುಕೊಂಡು ಹೋಗಿ ಇಟ್ಟರು. ಕೊನೆಯದರ ಮೇಲೆ ಬಾಗಿಲು ಮುಚ್ಚಿ ‘ಖಲಾಸ್’ ಎಂದಷ್ಟೇ ಹೇಳಿ ಕೈ ತೊಳೆದುಕೊಂಡರು.

ಕೆಲಸ ಹೋದರೆ ಕತಾರಿನಲ್ಲಿ ಇರುವಂತಿಲ್ಲ. ಮಂಗಳೂರಿನ ಅಣ್ಣ ಮನೆಗೆ ಬಾ ಎಂದು ಕರೆಯುತ್ತಿದ್ದರು. ಒಂದು ಕಾಲೇಜಿನಿಂದಲೂ ಕರೆ ಬಂದಿತ್ತು. ಮೇಡಂ ಎರಡನ್ನೂ ಬಿಟ್ಟು, ಟಾಂಜಾನಿಯಾದ ಅದೇ ಸರೋವರದ ಪ್ರದೇಶದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಸೊಳ್ಳೆ ಗುರುತಿಸಲು ಕಲಿಸುವ ಸಣ್ಣ ಕೆಲಸವೊಂದನ್ನು ಒಪ್ಪಿಕೊಂಡರು. ಹೊರಡುವ ಮುಂಚಿನ ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಬಂದರು. ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡು, ನಿಮ್ಮ ಮೈಸೂರಿನವರಿಗೆ ಮೀನು ಇಲ್ಲದೆ ಹೇಗೆ ಜೀವ ಉಂಟು ಎಂದು ಯಾವಾಗಿನಂತೆ ಕಾಡಿದರು. ಅಲ್ಲಿಗೇ ಯಾಕೆ ಹೋಗ್ತೀರಿ ಎಂದು ಕೇಳಿದೆ. ಗೊತ್ತಿಲ್ಲ, ಬೇರೆ ಕಡೆ ಕೂತರೆ ಕೂರ್ಲಿಕ್ಕೆ ಆಗ್ತಾ ಇಲ್ಲ ಎಂದರು. ಲಿಫ್ಟಿನ ಬಾಗಿಲು ಮುಚ್ಚುವಾಗ ಮಗಳಿಗೆ ಕೈಬೀಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಎಂಟು ತಿಂಗಳ ಮೇಲೆ, ತರಬೇತಿಗೆ ಹೋಗುತ್ತಿದ್ದ ಜೀಪು ಕುಸಿದ ರಸ್ತೆಯಲ್ಲಿ ಉರುಳಿ ಮೇಡಂ ತೀರಿಕೊಂಡರು. ಅಲ್ಲೇ ಮಣ್ಣು ಮಾಡಿದರು. ಅಣ್ಣ ಹೋಗಿದ್ದರು. ದೋಹಾದ ಚರ್ಚಿನಲ್ಲಿ ಅವರ ಹೆಸರಿನಲ್ಲಿ ಪೂಜೆ ಇಟ್ಟಾಗ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು ತಿಳಿಯದೆ ಮುಂದಿನವರನ್ನು ನೋಡಿಕೊಂಡು ಎದ್ದು ಕೂತೆ.

ಆ ವಾರವೇ ನೀಮಾಳ ಫೋನು ಬಂತು. ಅಷ್ಟು ಕಾಲದ ಮೇಲೆ ಅವಳ ದನಿ. ಇಡೀ ದಿನ ಬಸ್ಸಿನಲ್ಲಿ ಕೂತು ಮಣ್ಣಿಗೆ ಹೋಗಿದ್ದಳಂತೆ. ಬಹಳ ಜನ ಹೆಂಗಸರು ಬಂದಿದ್ದರು, ಹಾಡಿದರು ಎಂದಳು. ಆಮೇಲೆ ಇನ್ನೊಂದು ವಿಷಯ ಹೇಳಿದಳು. ಎರಡು ತಿಂಗಳ ಹಿಂದೆ ಪೇಟೆಯ ಬಸ್ ನಿಲ್ದಾಣದಲ್ಲಿ ಐರಿನ್ ಕಿತ್ತಳೆ ಕೊಳ್ಳುತ್ತಿದ್ದುದನ್ನು ಕಂಡಳಂತೆ. ತುಂಬ ಇಳಿದುಹೋಗಿದ್ದರು. ನೀಮಾ ಅಂಗಡಿಯೊಂದರ ಮರೆಗೆ ಸರಿದು ನಿಂತಳು.

“ಅವರೂ ನನ್ನನ್ನು ನೋಡಿದರು” ಎಂದಳು. “ಕೈ ಎತ್ತಲಿಲ್ಲ. ಬಸ್ಸು ಬಂದು ನಿಂತಿತು. ಅವರು ಹತ್ತಲಿಲ್ಲ, ಆ ಬಸ್ಸನ್ನು ಬಿಟ್ಟರು. ಮುಂದಿನ ಬಸ್ಸು ಬರುವವರೆಗೂ ಹಾಗೇ ನಿಂತಿದ್ದರು, ವಸುಧಾ. ನಾನು ಕರೆಯಲಿ ಅಂತ.”